ಫ್ಯಾಟಿ ಲಿವರ್ ಇದ್ದವರಿಗೆಲ್ಲ ಒಂದೇ ಸಲಹೆ ಸಲ್ಲದು

ಮಾನ್ಯ ಸಂಪಾದಕರೇ,

ಫ್ಯಾಟಿ ಲಿವರ್ ಕುರಿತು ಆರೋಗ್ಯ ಪುಟಗಳಲ್ಲಿ ಪ್ರಕಟವಾಗುತ್ತಿರುವ ಲೇಖನಗಳನ್ನು ನಾನು ತಪ್ಪದೆ ಓದುತ್ತೇನೆ. ತೂಕ ಇಳಿಸಿ, ಸಿಹಿ ಮತ್ತು ಕರಿದ ಪದಾರ್ಥ ಕಡಿಮೆ ಮಾಡಿ, ದಿನವೂ ನಡೆಯಿರಿ, ಮದ್ಯ ಬಿಡಿ ಎಂದು ಅವು ಹೇಳುವ ಮಾತು ಈ ತೊಂದರೆಯಿರುವ ಬಹುಪಾಲು ಜನರಿಗೆ ಸರಿಯಾಗಿಯೇ ಇದೆ. ಆದರೆ ಯಕೃತ್ತಿನಲ್ಲಿ ಕೊಬ್ಬು ತುಂಬುವುದು ತಿನ್ನುವ ಮತ್ತು ಕೂರುವ ಅಭ್ಯಾಸಗಳಿಂದ ಮಾತ್ರ ಎಂಬ ಭಾವನೆ ಓದುಗರಲ್ಲಿ ಬೇರೂರುತ್ತಿದೆ. ತಂದೆತಾಯಿಯಿಂದ ಬಂದ ವಂಶವಾಹಿಯ ದೋಷದಿಂದ ಈ ತೊಂದರೆಗೆ ಒಳಗಾಗುವ ಒಂದು ಚಿಕ್ಕ ಗುಂಪು ಇದೆ. ಅವರಲ್ಲಿ ಕೆಲವರಿಗೆ ಈ ಸಲಹೆ ಸಾಲುವುದಿಲ್ಲ, ಇನ್ನು ಕೆಲವರಿಗೆ ಅದು ನೇರವಾಗಿ ಹಾನಿ ಮಾಡುತ್ತದೆ.

ನನ್ನ ತಂಗಿ ಈ ಗುಂಪಿಗೆ ಸೇರಿದವಳು. ಹರೆಯಕ್ಕೆ ಬಂದಂದಿನಿಂದ ಅವಳ ಕೈಕಾಲುಗಳಲ್ಲಿ ಕೊಬ್ಬು ಕರಗುತ್ತ ಹೋಗಿ, ಸ್ನಾಯುಗಳೂ ರಕ್ತನಾಳಗಳೂ ಎದ್ದು ಕಾಣತೊಡಗಿದವು; ಮುಖ ಮತ್ತು ಕುತ್ತಿಗೆ ಮಾತ್ರ ತುಂಬಿಕೊಂಡೇ ಇದ್ದವು. ಚಿಕ್ಕ ವಯಸ್ಸಿಗೇ ಮಧುಮೇಹ ಬಂತು, ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಏರಿತು, ಸ್ಕ್ಯಾನ್‌ನಲ್ಲಿ ಫ್ಯಾಟಿ ಲಿವರ್ ಕಂಡಿತು. ಅವಳನ್ನು ನೋಡಿದ ವೈದ್ಯರಲ್ಲಿ ಹಲವರು ಬಾಯಿ ಕಟ್ಟಬೇಕೆಂದು ಗದರಿದರೇ ಹೊರತು, ಇಷ್ಟು ತೆಳ್ಳಗಿನ ಕೈಕಾಲಿನ ಹುಡುಗಿಯ ಯಕೃತ್ತಿಗೆ ಇಷ್ಟು ಕೊಬ್ಬು ಎಲ್ಲಿಂದ ಬಂತು ಎಂದು ಕೇಳಲಿಲ್ಲ. ಆ ಪ್ರಶ್ನೆಯನ್ನು ಕೊನೆಗೂ ಒಬ್ಬ ವೈದ್ಯೆ ಕೇಳಿದ ಮೇಲೆಯೇ ಅವಳಿಗಿರುವುದು ಕೌಟುಂಬಿಕ ಭಾಗಶಃ ಲಿಪೊಡಿಸ್ಟ್ರೊಫಿ, ಅಂದರೆ ದೇಹದ ಕೆಲವು ಭಾಗಗಳಲ್ಲಿ ಚರ್ಮದಡಿಯ ಕೊಬ್ಬು ಇಲ್ಲವಾಗುವ ವಂಶವಾಹಿ ಕಾಯಿಲೆ ಎಂದು ಗೊತ್ತಾದದ್ದು. ಚರ್ಮದ ಕೆಳಗಿನ ಕೊಬ್ಬಿನ ಪದರವು ದೇಹದ ಉಗ್ರಾಣವಿದ್ದಂತೆ; ಅಲ್ಲಿ ಜಾಗವಿಲ್ಲದಾಗ ಕೊಬ್ಬು ಯಕೃತ್ತಿಗೂ ಸ್ನಾಯುಗಳಿಗೂ ಹೋಗಿ ಸೇರುತ್ತದೆ. ಹಸಿವನ್ನು ಹತೋಟಿಯಲ್ಲಿಡುವ ಲೆಪ್ಟಿನ್ ಹಾರ್ಮೋನ್ ಉತ್ಪತ್ತಿಯಾಗುವುದು ಕೊಬ್ಬಿನ ಅಂಗಾಂಶದಲ್ಲೇ ಆದ್ದರಿಂದ, ಆ ಅಂಗಾಂಶ ತೀರಾ ಕಡಿಮೆಯಿರುವವರಿಗೆ ಹಸಿವು ತಣಿಯುವುದೇ ಇಲ್ಲ. ಅಂಥವರನ್ನು ಬಾಯಿಚಪಲದವರೆಂದು ಹಂಗಿಸುವುದು ಕ್ರೌರ್ಯವೆಂದೇ ನಾನು ಹೇಳುತ್ತೇನೆ. ಲೆಪ್ಟಿನ್‌ನ ಕೊರತೆಯನ್ನು ತುಂಬುವ ಮೆಟ್ರೆಲೆಪ್ಟಿನ್ ಚುಚ್ಚುಮದ್ದಿಗೆ ಅಮೆರಿಕದಲ್ಲಿ 2014ರಲ್ಲಿ, ಯುರೋಪಿನಲ್ಲಿ 2018ರಲ್ಲಿ ಅನುಮತಿ ದೊರೆತಿದೆ. ಎಲ್ಲ ಬಗೆಯ ಲಿಪೊಡಿಸ್ಟ್ರೊಫಿಗೂ ಅದನ್ನು ಕೊಡುವುದಿಲ್ಲವಾದರೂ, ರೋಗದ ಹೆಸರೇ ತಿಳಿಯದಿದ್ದರೆ ಆ ಚರ್ಚೆಗೂ ಅವಕಾಶವಿರುವುದಿಲ್ಲ.

ಇನ್ನು ಸಲಹೆಯಿಂದಲೇ ಹಾನಿಯಾಗುವವರ ವಿಷಯ. ಹಣ್ಣಿನಲ್ಲಿರುವ ಫ್ರಕ್ಟೋಸ್ ಎಂಬ ಸಕ್ಕರೆಯನ್ನು ಅರಗಿಸುವ ಕಿಣ್ವವೊಂದು ಹುಟ್ಟಿನಿಂದಲೇ ಕೆಲಸ ಮಾಡದ ಕಾಯಿಲೆಯಲ್ಲಿ, ಹಣ್ಣು, ಜೇನುತುಪ್ಪ ಮತ್ತು ಮಾಮೂಲಿ ಸಕ್ಕರೆಯೇ ಯಕೃತ್ತಿಗೆ ವಿಷವಾಗುತ್ತವೆ. ಈ ಮಕ್ಕಳು ಸಿಹಿಯನ್ನು ತಾವಾಗಿಯೇ ದೂರ ತಳ್ಳುತ್ತಾರೆ. ಅವರಿಗೆ ಫ್ಯಾಟಿ ಲಿವರ್ ಇದೆಯೆಂದು ‘ಹಣ್ಣು ಹೆಚ್ಚು ತಿನ್ನಿಸಿ’ ಎನ್ನುವುದು ರೋಗವನ್ನು ಬೆಳೆಸಿದಂತೆಯೇ ಸರಿ. ಸಕ್ಕರೆರಹಿತ ಔಷಧಗಳಲ್ಲಿ ಬಳಸುವ ಸಾರ್ಬಿಟಾಲ್ ಕೂಡ ದೇಹದೊಳಗೆ ಫ್ರಕ್ಟೋಸ್ ಆಗಿ ಬದಲಾಗುವುದರಿಂದ ಅದೂ ಇವರಿಗೆ ವರ್ಜ್ಯ. ಗ್ಲೈಕೋಜನ್ (ದೇಹ ಕೂಡಿಡುವ ಸಕ್ಕರೆಯ ರೂಪ) ಸಂಗ್ರಹ ದೋಷದ ಮೊದಲನೆಯ ಬಗೆಯಲ್ಲಿ ಯಕೃತ್ತು ತನ್ನಲ್ಲಿರುವ ಗ್ಲೂಕೋಸನ್ನು ರಕ್ತಕ್ಕೆ ಬಿಡಲಾರದು. ಹೊತ್ತಿಗೆ ಸರಿಯಾಗಿ ಆಹಾರ ಸಿಗದಿದ್ದರೆ ಕೆಲವೇ ಗಂಟೆಗಳಲ್ಲಿ ರಕ್ತದ ಸಕ್ಕರೆ ಅಪಾಯಕಾರಿ ಮಟ್ಟಕ್ಕೆ ಕುಸಿಯುತ್ತದೆ. ಬೇಯಿಸದ ಮೆಕ್ಕೆಜೋಳದ ಪಿಷ್ಟವನ್ನು ರಾತ್ರಿಯೂ ಎದ್ದು ಕುಡಿಯಬೇಕಾದ ಇಂಥವರ ಕಣ್ಣಿಗೆ, ದಿನಕ್ಕೆ ಹದಿನಾರು ಗಂಟೆ ಉಪವಾಸವಿದ್ದು ಯಕೃತ್ತನ್ನು ಶುದ್ಧ ಮಾಡಿಕೊಳ್ಳಿ ಎಂಬ ಬರಹಗಳು ಬೀಳುತ್ತಿವೆ. ಕೊಬ್ಬಿನಾಮ್ಲಗಳನ್ನು ಶಕ್ತಿಯಾಗಿ ಬಳಸಲು ಬಾರದ ಜನ್ಮಜಾತ ದೋಷಗಳಲ್ಲಂತೂ ದೀರ್ಘ ಉಪವಾಸ ಪ್ರಾಣಕ್ಕೇ ಎರವಾಗಬಹುದು. ಸಿಟ್ರಿನ್ ಎಂಬ ಪ್ರೋಟೀನಿನ ಕೊರತೆಯಿರುವವರ ಕಥೆ ಇನ್ನೂ ವಿಚಿತ್ರವಾದದ್ದು: ಅವರು ತೆಳ್ಳಗಿದ್ದೂ ಫ್ಯಾಟಿ ಲಿವರ್ ಬರಬಹುದು, ಮತ್ತು ಅವರಿಗೆ ಒಗ್ಗುವುದು ಪಿಷ್ಟ ಕಡಿಮೆಯಿದ್ದು ಪ್ರೋಟೀನ್ ಹಾಗೂ ಕೊಬ್ಬು ಹೆಚ್ಚಿರುವ ಊಟ. ಕೊಬ್ಬು ಬಿಟ್ಟು ಧಾನ್ಯ ಹೆಚ್ಚಿಸಿ ಎಂದರೆ ಅವರ ಸ್ಥಿತಿ ಹದಗೆಡುತ್ತದೆ.

ಚಿಕಿತ್ಸೆ ಲಭ್ಯವಿದ್ದೂ ತಡವಾಗಿ ಪತ್ತೆಯಾಗುವ ಎರಡು ಕಾಯಿಲೆಗಳನ್ನು ಹೇಳದಿದ್ದರೆ ಈ ಪತ್ರ ಪೂರ್ಣವಾಗುವುದಿಲ್ಲ. ವಿಲ್ಸನ್ ಕಾಯಿಲೆಯಲ್ಲಿ ತಾಮ್ರವು ಯಕೃತ್ತಿನಲ್ಲೂ ಮಿದುಳಿನಲ್ಲೂ ಶೇಖರವಾಗುತ್ತದೆ. ಆರಂಭದ ಹಂತದಲ್ಲಿ ಯಕೃತ್ತಿನ ಚಿತ್ರಣ ಸಾಮಾನ್ಯ ಫ್ಯಾಟಿ ಲಿವರ್‌ನಂತೆಯೇ ಕಾಣಬಹುದು. ರಕ್ತದಲ್ಲಿ ತಾಮ್ರವನ್ನು ಹೊರುವ ಸೆರುಲೋಪ್ಲಾಸ್ಮಿನ್ ಎಂಬ ಪ್ರೋಟೀನ್, 24 ಗಂಟೆಯ ಮೂತ್ರದಲ್ಲಿನ ತಾಮ್ರ ಮತ್ತು ಕಣ್ಣಿನ ತಪಾಸಣೆಯಿಂದ ಇದನ್ನು ಹುಡುಕಬಹುದು. ಬೇಗ ಗೊತ್ತಾದರೆ ಮಾತ್ರೆಗಳಲ್ಲೇ ಬದುಕು ಸಾಗುತ್ತದೆ, ಬಿಟ್ಟರೆ ಸಾವು ಬರುತ್ತದೆ. ಒಡಹುಟ್ಟಿದವರಿಗೆ ನಾಲ್ಕರಲ್ಲಿ ಒಂದರಷ್ಟು ಸಾಧ್ಯತೆ ಇರುವುದರಿಂದ ಅವರ ಪರೀಕ್ಷೆಯೂ ಆಗಲೇಬೇಕು. ಎರಡನೆಯದು ಲೈಸೊಸೋಮಲ್ ಆಸಿಡ್ ಲೈಪೇಸ್ ಎಂಬ ಕಿಣ್ವದ ಕೊರತೆ. ತೂಕ ಸರಿಯಾಗಿಯೇ ಇರುವ ಮಗುವಿನಲ್ಲಿ ಕೆಟ್ಟ ಕೊಲೆಸ್ಟರಾಲ್ ಹೆಚ್ಚು, ಒಳ್ಳೆಯದು ಕಡಿಮೆ, ಯಕೃತ್ತು ದೊಡ್ಡದಾಗಿದೆ ಎಂಬ ಮೂರು ಸಂಗತಿ ಒಟ್ಟಿಗೆ ಕಂಡರೆ ಇದರ ಅನುಮಾನ ಬರಬೇಕು. ಕಾಗದದ ಮೇಲೆ ಒಣಗಿಸಿದ ರಕ್ತದ ಹನಿಯಲ್ಲೇ ಈ ಕಿಣ್ವವನ್ನು ಅಳೆಯಬಹುದು, ಮತ್ತು ಅದನ್ನು ರಕ್ತನಾಳದ ಮೂಲಕ ಕೊಡುವ ಚಿಕಿತ್ಸೆಗೆ 2015ರಲ್ಲಿ ಅಮೆರಿಕ ಮತ್ತು ಯುರೋಪಿನಲ್ಲಿ ಅನುಮತಿ ಸಿಕ್ಕಿದೆ.

ಫ್ಯಾಟಿ ಲಿವರ್ ಇರುವ ಪ್ರತಿಯೊಬ್ಬರಿಗೂ ವಂಶವಾಹಿ ಪರೀಕ್ಷೆ ಮಾಡಿಸಬೇಕೆಂದು ನಾನು ಹೇಳುತ್ತಿಲ್ಲ. ಅದು ವ್ಯರ್ಥ ಖರ್ಚು. ರೋಗಿ ಮಗುವೋ ತರುಣರೋ ಆಗಿದ್ದಾಗ, ತೂಕ ಹೆಚ್ಚಿಲ್ಲದಿದ್ದಾಗ, ಕೊಲೆಸ್ಟರಾಲ್ ವಿಪರೀತ ಹೆಚ್ಚೋ ವಿಪರೀತ ಕಡಿಮೆಯೋ ಇದ್ದಾಗ, ಕುಟುಂಬದಲ್ಲಿ ಚಿಕ್ಕ ವಯಸ್ಸಿನಲ್ಲಿ ಯಕೃತ್ತಿನ ಕಾಯಿಲೆಯಿಂದ ತೀರಿಕೊಂಡವರಿದ್ದಾಗ, ಅಥವಾ ತೂಕ ಇಳಿದರೂ ಯಕೃತ್ತಿನ ಕಿಣ್ವಗಳ ಮಟ್ಟ ಇಳಿಯದಿದ್ದಾಗ, ವೈದ್ಯರು ಮತ್ತೊಮ್ಮೆ ಯೋಚಿಸಿದರೆ ಸಾಕು. ಯಕೃತ್ತಿನಲ್ಲಿ ಗಾಯದ ಕಲೆ ಎಷ್ಟಿದೆಯೆಂದು ಅಂದಾಜಿಸಲು ಬಳಸುವ ಫಿಬ್-4 ಲೆಕ್ಕಾಚಾರವು 35 ವರ್ಷದೊಳಗಿನವರಲ್ಲಿ ನಂಬಲರ್ಹವಲ್ಲ ಎಂಬುದನ್ನೂ ಇಲ್ಲಿ ನೆನಪಿಡಬೇಕು, ಏಕೆಂದರೆ ಆನುವಂಶಿಕ ದೋಷಗಳು ತಲೆಯೆತ್ತುವುದು ಬಹುಮಟ್ಟಿಗೆ ಆ ವಯಸ್ಸಿನೊಳಗೇ. ಅಪರೂಪದ ಕಾಯಿಲೆ ಈಗಾಗಲೇ ಪತ್ತೆಯಾಗಿರುವವರ ವಿಷಯದಲ್ಲಿ ಎಡವಟ್ಟು ಇನ್ನೊಂದು ಕಡೆಯಿಂದ ಆಗುತ್ತದೆ: ಆಲ್‌ಸ್ಟ್ರೋಮ್ ಸಿಂಡ್ರೋಮ್ ಇರುವವರ ಕಣ್ಣು ಮತ್ತು ಹೃದಯದ ಮೇಲೆ, ಸಿಸ್ಟಿಕ್ ಫೈಬ್ರೋಸಿಸ್ ಇರುವವರ ಶ್ವಾಸಕೋಶದ ಮೇಲೆ ಎಲ್ಲರ ಗಮನ ನೆಟ್ಟಿರುವಾಗ, ಯಕೃತ್ತು ಸದ್ದಿಲ್ಲದೆ ಕೆಡುತ್ತ ಹೋಗಬಹುದು. ವರ್ಷಕ್ಕೊಮ್ಮೆಯಾದರೂ ಅದರ ತಪಾಸಣೆ ಅವರ ಚಿಕಿತ್ಸಾ ಪಟ್ಟಿಯಲ್ಲಿರಬೇಕು.

2024ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ರೆಸ್ಮೆಟಿರಾಮ್ ಮೊದಲಾದ ಹೊಸ ಔಷಧಗಳ ಪ್ರಯೋಗಗಳು ನಡೆದದ್ದು ಸಾಮಾನ್ಯ ಫ್ಯಾಟಿ ಲಿವರ್ ಇರುವವರ ಮೇಲೆ. ವಿಲ್ಸನ್‌ನಂಥ ಬೇರೆ ಯಕೃತ್ತಿನ ಕಾಯಿಲೆಯವರನ್ನು ಅವುಗಳಲ್ಲಿ ಸೇರಿಸಿಕೊಳ್ಳುವುದಿಲ್ಲ. ಹಾಗಾಗಿ ಈ ಔಷಧಗಳನ್ನು ಎಲ್ಲರ ಪಾಲಿನ ಪರಿಹಾರವೆಂದು ಬರೆಯುವಾಗಲೂ ಎಚ್ಚರ ಬೇಕು. ಮುಂದಿನ ಬಾರಿ ಫ್ಯಾಟಿ ಲಿವರ್ ಕುರಿತ ಲೇಖನ ಪ್ರಕಟಿಸುವಾಗ, ಆನುವಂಶಿಕ ಚಯಾಪಚಯ ದೋಷವಿರುವವರು ತಮ್ಮ ತಜ್ಞವೈದ್ಯರನ್ನು ಕೇಳದೆ ಉಪವಾಸವನ್ನಾಗಲಿ ಆಹಾರದ ಬದಲಾವಣೆಯನ್ನಾಗಲಿ ಮಾಡಬಾರದು ಎಂಬ ಒಂದು ವಾಕ್ಯವನ್ನು ಸಲಹೆಗಳ ಜೊತೆಗೇ, ಅಷ್ಟೇ ದೊಡ್ಡ ಅಕ್ಷರಗಳಲ್ಲಿ ಮುದ್ರಿಸಬೇಕೆಂದು ತಮ್ಮಲ್ಲಿ ವಿನಂತಿಸುತ್ತೇನೆ.

ಇಂತಿ,
ತಮ್ಮ ಓದುಗ