ಮಗಳಿಗೊಂದು ಪತ್ರ: ಪಾಪು ದೀಕ್ಷಾಸ್ನಾನಕ್ಕೆ ಸಾಲ ಬೇಡ

ಪುಟ್ಟಿ,

ನಿನ್ನೆ ಫೋನಲ್ಲಿ ನೀನು ಹಾಲ್ ಬಾಡಿಗೆ, ಸ್ಟೇಜ್ ಡೆಕೋರೇಷನ್, ರಿಟರ್ನ್ ಗಿಫ್ಟು ಅಂತ ಲೆಕ್ಕ ಹೇಳ್ತಿದ್ದಾಗ ನಾನು ಬರೀ ಹೂಂ ಹೂಂ ಅಂದೆ, ಬಾಣಂತಿ ಮನಸ್ಸಿಗೆ ಬೇಜಾರಾಗ್ಬಾರ್ದು ಅಂತ. ಆದ್ರೆ ರಾತ್ರಿ ನಿದ್ದೆ ಬರ್ಲಿಲ್ಲ ಕಣೇ. ಅದಕ್ಕೆ ಬರೀತಿದೀನಿ, ಪಾಪು ದೀಕ್ಷಾಸ್ನಾನಕ್ಕೆ ದಯವಿಟ್ಟು ಸಾಲ ಮಾಡ್ಬೇಡಿ.

ಚರ್ಚಲ್ಲಿ ಆವತ್ತು ಬೇಕಾಗೋದು ಏನು ಹೇಳು? ನೀರು, ಪವಿತ್ರ ತೈಲ, ಒಂದು ಬಿಳಿ ಬಟ್ಟೆ, ಈಸ್ಟರ್ ಹಬ್ಬದಲ್ಲಿ ಹಚ್ಚೋ ಪಾಸ್ಖದ ದೊಡ್ಡ ಬತ್ತಿಯಿಂದ ಹಚ್ಕೊಳ್ಳೋ ಒಂದು ಮೇಣದಬತ್ತಿ. ಮರಿಯಮ್ಮನವರು ಕೂಸು ಯೇಸುನ ದೇವಾಲಯಕ್ಕೆ ಎತ್ಕೊಂಡು ಹೋದಾಗ ಜೋಡಿ ಹಕ್ಕಿ ಕಾಣಿಕೆ ವಿಷಯ ಲೂಕನ ಸುವಾರ್ತೆ 2ನೇ ಅಧ್ಯಾಯದಲ್ಲಿ ಬರುತ್ತಲ್ಲ, ಅದು ಕುರಿಮರಿ ತರೋಕೆ ಶಕ್ತಿ ಇಲ್ಲದ ಬಾಣಂತಿಗೆ ಅಂತ ಮೋಶೆ ಧರ್ಮಶಾಸ್ತ್ರದಲ್ಲಿದ್ದ ಕಾಣಿಕೆ. ಚಿಕ್ಕೋಳಿದ್ದಾಗಿಂದ ಕೇಳ್ಕೊಂಡು ಬಂದಿದ್ದೆ, ನನಗದು ನಿಜವಾಗಿ ತಟ್ಟಿದ್ದು ನೀನು ಹುಟ್ಟಿದ ವರ್ಷ, ನಿಮ್ಮಪ್ಪಂಗೆ ಆಗ ಕೆಲಸ ಇರ್ಲಿಲ್ಲ, ನನ್ನ ಮದುವೆಯ ಬಿಳಿ ಸೀರೆ ಸೆರಗು ಕತ್ತರಿಸಿ ಅಜ್ಜಿನೇ ನಿನಗೆ ಫ್ರಾಕ್ ಹೊಲಿದ್ರು, ನಿನ್ನ ದೀಕ್ಷಾಸ್ನಾನದ ಪೂಜೆ ಮುಗಿಸ್ಕೊಂಡು ಬಂದು ಮನೇಲೇ ಕೋಳಿಸಾರು ಅನ್ನ ಮಾಡಿ ಬಂದೋರಿಗೆಲ್ಲ ಬಡಿಸಿದ್ವಿ, ನಿನ್ನ ಜ್ಞಾನತಾಯಿ (ಗಾಡ್‌ಮದರ್) ಪಾತ್ರೆ ತೊಳೆಯೋಕೆ ನಿಂತ್ರು. ಅವತ್ತಿನಷ್ಟು ನೆಮ್ಮದಿಯಾಗಿ ನಾನು ಯಾವ ಹಬ್ಬದಲ್ಲೂ ಕೂತಿಲ್ಲ.

ಇನ್ನೊಂದು ವಿಷಯ, ಜಪಸರದ ಪ್ರಾರ್ಥನೆ ಪೂರ್ತಿ ಹೇಳೋಕೆ ಆಗ್ತಿಲ್ಲ, ಪಾಪು ಅಳುತ್ತೆ, ನಾನೆಂಥ ತಾಯಿ ಅಂತ ನೀನು ಅಳ್ತಿದ್ದೆಯಲ್ಲ. ನಿನಗಿಷ್ಟದ ಪುಟ್ಟ ತೆರೇಸಾ, ಅದೇ ಲಿಸಿಯೂ ಊರಿನ ಸಂತ ತೆರೇಸಾ ಇದಾರಲ್ಲ, ಅವರ ತಾಯಿ ಜೆಲಿ ಮಾರ್ಟಿನ್ ಫ್ರಾನ್ಸಿನ ಅಲೆನ್ಸೋನ್ ಊರಲ್ಲಿ ಲೇಸ್ ಹೆಣಿಸಿ ಮಾರ್ತಿದ್ರು, ಹೆತ್ತಿದ್ದು 9 ಮಕ್ಕಳನ್ನ, ಅದ್ರಲ್ಲಿ 4 ಚಿಕ್ಕ ವಯಸ್ಸಲ್ಲೇ ಹೋದ್ವು. ಅವರ 200ಕ್ಕೂ ಹೆಚ್ಚು ಪತ್ರ ಉಳಿದಿವೆ, ಅದ್ರ ತುಂಬಾ ಮಕ್ಕಳ ಕಾಯಿಲೆ, ಲೇಸಿನ ಆರ್ಡರು, ಸುಸ್ತು, ಚಿಂತೆ. ಏನನ್ನೂ ಮುಚ್ಚಿಟ್ಟಿಲ್ಲ ಆ ತಾಯಿ. ಅವರನ್ನೂ ಗಂಡ ಲೂಯಿನೂ 2015ರಲ್ಲಿ ಪೋಪ್ ಫ್ರಾನ್ಸಿಸ್ ಒಟ್ಟಿಗೇ ಸಂತರು ಅಂತ ಸಾರಿದ್ರು. ಸರಳತೆ ಅಂದ್ರೆ ಖರ್ಚು ಕಮ್ಮಿ ಮಾಡೋದು ಒಂದೇ ಅಲ್ಲ ಮಗಳೇ, ಸುಸ್ತಾಗಿದ್ರೆ ದೇವರ ಹತ್ರ ಸುಸ್ತಾಗಿದೆ ಅಂತ್ಲೇ ಹೇಳ್ಕೊಳ್ಳೋದೂ ಹೌದು. ಹಾಲು ಕುಡಿಸ್ತಾ ಹತ್ತು ನಮೋ ಮರಿಯ ಹೇಳು, ನಿದ್ದೆ ಬಂದ್ರೆ ಮಲ್ಕೋ, ಮಿಕ್ಕಿದ್ದು ನಾನು ಇಲ್ಲಿ ಹೇಳ್ತೀನಿ. ಆ ಹೊತ್ತಲ್ಲಿ ಫೋನು ಮಾತ್ರ ಪಕ್ಕದ ರೂಮಲ್ಲಿರ್ಲಿ, ಬೇರೆಯವರ ಮಗು ಫೋಟೋ ನೋಡ್ತಾ ನೋಡ್ತಾನೇ ಅಲ್ವಾ ನಿನಗೆ ಈ ಸ್ಟೇಜಿನ ಯೋಚನೆ ಬಂದಿದ್ದು.

ನಿಮ್ಮತ್ತೆಗೆ ಬೇಜಾರಾಗುತ್ತೆ ಅಂದ್ರೆ ನಾನೇ ಅವರ ಹತ್ರ ಮಾತಾಡ್ತೀನಿ. ನಿನ್ನ ಫ್ರಾಕ್ ಟ್ರಂಕಲ್ಲೇ ಇತ್ತು, ಕತ್ತಿನ ಹತ್ರ ಸ್ವಲ್ಪ ಹಳದಿ ಆಗಿದೆ, ನೆನೆಸಿಟ್ಟಿದೀನಿ. ಪಾಪು ಭುಜದ ಅಳತೆ ತೆಗೆದು ಕಳಿಸು, ತೋಳು ಸ್ವಲ್ಪ ಬಿಗಿ ಆಗ್ಬಹುದು, ಬಿಚ್ಚಿ ಹೊಲೀಬೇಕು.

ನಿನ್ನ
ಅಮ್ಮ