ಸುರಂಗ ತೋಡುವ ವಿದ್ಯೆ ದಾಖಲಾಗಲಿ

ಮಾನ್ಯ ಸಂಪಾದಕರೇ,

ಬಿಬಿಸಿಯ ಹಳೆಯ ಧಾರಾವಾಹಿ ‘ಸರ್ವೈವರ್ಸ್’ ಅನ್ನು ಮಹಾಮಾರಿಯ ಭಯಾನಕ ಕಥೆಯೆಂದು ಬದಿಗಿಡುವವರೇ ಹೆಚ್ಚು. ಟೆರಿ ನೇಷನ್ ರೂಪಿಸಿದ ಈ ಧಾರಾವಾಹಿ 1975ರಿಂದ 1977ರವರೆಗೆ 38 ಕಂತುಗಳಲ್ಲಿ ಬಂತು. ಜನ ಸಾಯುವುದು ಬಹುಮಟ್ಟಿಗೆ ಮೊದಲ ಕಂತಿನಲ್ಲೇ ಮುಗಿಯುತ್ತದೆ. ಮುಂದಿನದೆಲ್ಲ ಉಳಿದವರ ದುಡಿಮೆ. ಮಗನನ್ನು ಹುಡುಕಿ ಹೊರಟ ಆ್ಯಬಿ ಗ್ರಾಂಟ್‌ಗೆ ಅವನ ಶಾಲೆಯ ಹಿರಿಯ ಶಿಕ್ಷಕರು ಹೇಳುವ ಮಾತಿನಲ್ಲೇ ತಿರುಳೆಲ್ಲ ಇದೆ: ಅಂಗಡಿ, ಗೋದಾಮುಗಳಲ್ಲಿ ಸಿಕ್ಕಿದ್ದು ಒಂದು ದಿನ ಖಾಲಿಯಾಗುತ್ತದೆ, ಅಷ್ಟರೊಳಗೆ ಬೇಕಾದ್ದನ್ನು ಬುಡದಿಂದ ಮಾಡಲು ಕಲಿತಿರಬೇಕು. ಕೊನೆಯ ಕಂತಿನಲ್ಲಿ ಬದುಕುಳಿದವರು ಸ್ಕಾಟ್ಲೆಂಡಿಗೆ ಹೋಗಿ ಜಲವಿದ್ಯುತ್ತನ್ನು ಮತ್ತೆ ಹರಿಸಲು ನೋಡುತ್ತಾರೆ. ಎತ್ತರದಿಂದ ಇಳಿಯುವ ನೀರಿಗೆ ಡೀಸೆಲ್ ಬೇಡವಲ್ಲ.

ಡೀಸೆಲ್ ಬೇಡದ ನೀರು ಕಾಸರಗೋಡಿನ ನಮಗೆ ಹೊಸತೇನಲ್ಲ. ಬಾಯಾರು, ಪೈವಳಿಕೆ, ಎಣ್ಮಕಜೆಯ ಗುಡ್ಡಗಳಲ್ಲಿ ಸುರಂಗಗಳಿವೆ, ಅಂದರೆ ಒರತೆಯ ನೀರು ತಾನಾಗಿ ಹರಿದು ಬರುವಂತೆ ಗುಡ್ಡದೊಳಗೆ ಅಡ್ಡಕ್ಕೆ ತೋಡಿದ ದಾರಿಗಳು. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬಂದರೂ ಮುರಕಲ್ಲಿನ (ಜಂಬಿಟ್ಟಿಗೆಯ) ಇಳಿಜಾರಿನಲ್ಲಿ ಅದು ನಿಲ್ಲುವುದಿಲ್ಲ. ಬೇಸಗೆಯಲ್ಲಿ ತೋಟ ಉಳಿಸಿದ್ದು ಈ ಸುರಂಗಗಳು. 2020ರ ಮಾರ್ಚಿನಲ್ಲಿ ಕೊರೊನಾ ಕಾರಣಕ್ಕೆ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮಂಗಳೂರಿನ ದಾರಿ ಕಡಿದಾಗಲೂ ಸುರಂಗದ ನೀರಿಗೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಆದರೆ ಹೊಸದಾಗಿ ತೋಡಬಲ್ಲವರು ಇಂದು ಬೆರಳೆಣಿಕೆಯಷ್ಟೇ. ಅವರ ವಿದ್ಯೆಯೆಲ್ಲ ಕೈಯಲ್ಲಿದೆ, ಬರಹದಲ್ಲಿಲ್ಲ.

ಸುರಂಗವೆಂದರೆ ಸುಮ್ಮನೆ ಒಂದು ತೂತಲ್ಲ. ಆಳು ನಿಂತು ಪಿಕ್ಕಾಸು ಬೀಸುವಷ್ಟು, ಅಂದರೆ ಸುಮಾರು ಆರು ಅಡಿ ಎತ್ತರ, ಎರಡು ಎರಡೂವರೆ ಅಡಿ ಅಗಲ. ಅಗಲ ಹೆಚ್ಚಿದಷ್ಟೂ ಮಾಡು ಕುಸಿಯುವ ಅಪಾಯ. ಒಬ್ಬ ಕಡಿಯುತ್ತಾನೆ, ಇನ್ನೊಬ್ಬ ಬುಟ್ಟಿಯಲ್ಲಿ ಮಣ್ಣು ಹೊರಗೆ ಸಾಗಿಸುತ್ತಾನೆ. ಒಳಗೆ ಹೋದಂತೆ ನೆಲ ಸ್ವಲ್ಪ ಏರುತ್ತಿರಬೇಕು; ತಪ್ಪಿದರೆ ಒಸರಿದ ನೀರು ಹೊರಬರದೆ ಒಳಗೇ ಕೊಳೆಯುತ್ತದೆ. ತೋಡುವುದು ಬೇಸಗೆಯಲ್ಲೇ. ಮಳೆಗಾಲದಲ್ಲಿ ನೆನೆದ ಮಣ್ಣು ಮೈಮೇಲೆ ಬೀಳಬಹುದು, ಅದಲ್ಲದೆ ಎಲ್ಲೆಡೆ ನೀರು ಜಿನುಗುವುದರಿಂದ ನಿಜವಾದ ಒರತೆ ಯಾವುದೆಂದು ತಿಳಿಯುವುದಿಲ್ಲ. ಏಪ್ರಿಲಿನಲ್ಲಿ ಸಿಕ್ಕ ಒರತೆಯನ್ನು ನಂಬಬಹುದು. ಗಟ್ಟಿ ಮುರಕಲ್ಲು ಮುಗಿದು ಮೆತ್ತಗಿನ ಜೇಡಿ ಬಂದರೆ ಅನುಭವಿಗಳು ದಿಕ್ಕು ಬದಲಿಸುತ್ತಾರೆ ಅಥವಾ ಕೆಲಸವನ್ನೇ ಬಿಡುತ್ತಾರೆ. ಜೊತೆಗೊಂದು ಮೊಂಬತ್ತಿ ಉರಿಯುತ್ತಿರಬೇಕು. ಜ್ವಾಲೆ ಮಂಕಾದರೆ ಗಾಳಿ ಸಾಲದೆಂದು ಅರ್ಥ, ತಕ್ಷಣ ಹೊರಬರಬೇಕು. ಉದ್ದದ ಸುರಂಗಕ್ಕೆ ಮೇಲಿನಿಂದ ಗಾಳಿಗುಂಡಿ ಇಳಿಸುವುದು ಇದಕ್ಕೇ.

ನೀರು ಸಿಕ್ಕ ಮೇಲೆ ಒಳಗೊಂದು ಮಣ್ಣಿನ ಕಟ್ಟ ಕಟ್ಟಿ, ಅದಕ್ಕೆ ಪೈಪು ಕೊಟ್ಟು ಹೊರಗಿನ ಟಾಂಕಿಗೆ ಹರಿಸುತ್ತಾರೆ. ಹಿಂದೆ ಈ ಕೆಲಸಕ್ಕೆ ಅಡಿಕೆ ಮರ ಸೀಳಿ ಮಾಡಿದ ದಂಬೆ ಇತ್ತು. ಕಟ್ಟದ ಹಿಂದೆ ಕೂತ ಕೆಸರನ್ನು ವರ್ಷಕ್ಕೊಮ್ಮೆಯಾದರೂ ತೆಗೆಯದಿದ್ದರೆ ಪೈಪು ಕಟ್ಟುತ್ತದೆ, ನೀರು ಬತ್ತಿತೆಂದು ಜನ ತಪ್ಪು ತಿಳಿದು ಬೋರು ಕೊರೆಸುತ್ತಾರೆ. ಸುತ್ತ ಬೋರುಗಳು ಹೆಚ್ಚಿ ಅಂತರ್ಜಲ ಇಳಿದರೆ ಚೆನ್ನಾಗಿದ್ದ ಸುರಂಗವೂ ನಿಜಕ್ಕೂ ಒಣಗುತ್ತದೆ.

ಇಂಥ ವಿವರಗಳು ಹಿರಿಯ ಕೆಲಸಗಾರರಲ್ಲಿ ಇನ್ನೂ ಬೇಕಾದಷ್ಟಿವೆ: ಎಲ್ಲಿ ಬಾಯಿ ತೆರೆಯಬೇಕು, ಪಿಕ್ಕಾಸಿನ ಸದ್ದು ಹೇಗೆ ಬದಲಾದರೆ ಎಚ್ಚರಾಗಬೇಕು ಎಂಬಲ್ಲಿಯವರೆಗೆ. ಸುರಂಗ ಹೊಗಳುವ ಲೇಖನಗಳು ಆಗಾಗ ಬರುತ್ತವೆ. ಅಳತೆ ಮತ್ತು ಕ್ರಮ ತಿಳಿಸುವ ಬರಹ ಕಾಣುವುದೇ ಅಪರೂಪ. ನಿಮ್ಮ ಗಡಿನಾಡಿನ ಪುಟದಲ್ಲಿ ವಾರಕ್ಕೊಂದು ಅಂಕಣವಾಗಿ, ಕೈಯಿಂದ ಬರೆದ ಚಿತ್ರಗಳೊಂದಿಗೆ, ಅವರ ಬಾಯಿಮಾತಿನಲ್ಲೇ ಇದನ್ನು ಪ್ರಕಟಿಸಬೇಕೆಂದು ಕೋರುತ್ತೇವೆ. ಮಾತು ಬರೆದುಕೊಳ್ಳಲು, ಅಳತೆ ಹಿಡಿಯಲು ಇಲ್ಲಿನ ಕನ್ನಡ ಮಾಧ್ಯಮ ಶಾಲೆಗಳ ಹೈಸ್ಕೂಲು ಮಕ್ಕಳನ್ನು ಸೇರಿಸಿಕೊಳ್ಳಬಹುದು. ಮಳೆ ಹಿಡಿಯುವ ಮುಂಚೆ ಶುರುವಾದರೆ ಒಳ್ಳೆಯದು. ಆಮೇಲೆ ಸುರಂಗದೊಳಗೆ ಇಳಿಯಲಾಗದು.

ಇತಿ,
ಬಾಯಾರಿನ ಕೆಲವು ಓದುಗರು