ಮಸ್ಟ್ ಅಂದರೆ ಬರೀ ಅಪ್ಪಣೆ ಅಲ್ಲ, ಅಪ್ಪ

ಪ್ರೀತಿಯ ಅಪ್ಪ, ಅಮ್ಮ, ಪುಟ್ಟ,

ಎಲ್ಲರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ನಾನು ಆರಾಮಾಗಿದ್ದೇನೆ. ಮೊನ್ನೆ ಫೋನಿನಲ್ಲಿ ಅಪ್ಪ ಕೇಳಿದ್ದಕ್ಕೆ ಅರ್ಧಂಬರ್ಧ ಉತ್ತರ ಕೊಟ್ಟು ಇಟ್ಟುಬಿಟ್ಟೆ. ಪಕ್ಕದಲ್ಲಿದ್ದವಳು ನನಗೆ 'ಯೂ ಮಸ್ಟ್ ಬಿ ಟಯರ್ಡ್' ಅಂದದ್ದು ನಿಮಗೂ ಕೇಳಿಸಿತ್ತು. 'ಸುಸ್ತಾಗಲೇಬೇಕು ಅಂತ ಅಪ್ಪಣೆ ಮಾಡ್ತಾಳಾ ಅವಳು?' ಅಂತ ನಕ್ಕಿರಿ. ಪುಟ್ಟನ ಇಂಗ್ಲಿಷ್ ಪರೀಕ್ಷೆಗೂ ಇದೇ ಪಾಠ ಇದೆಯಂತೆ. ಫೋನಿನಲ್ಲಿ ಹೇಳೋಕೆ ಹೋದರೆ ಅಮ್ಮ ನಡುವೆ ಬೇರೆ ಸುದ್ದಿ ತೆಗೀತಾಳೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಅವಳು ಅಂದದ್ದು ಅಪ್ಪಣೆ ಅಲ್ಲ, ಊಹೆ. ನನ್ನ ಮುಖ ನೋಡಿ 'ಸುಸ್ತಾಗಿರಬೇಕು ಪಾಪ' ಅಂದಳು, ಅಷ್ಟೇ. ನಾವೂ ಹಾಗೇ ಹೇಳ್ತೀವಿ ಅಲ್ವಾ? 'ಬಾಗಿಲು ತಟ್ಟಬೇಕು' ಅಂದರೆ ಮಾಡಬೇಕಾದ ಕೆಲಸ. 'ಅವನೇ ಬಾಗಿಲು ತಟ್ಟಿರಬೇಕು' ಅಂದರೆ ಊಹೆ. ನಮ್ಮ 'ಬೇಕು' ಎರಡೂ ಕಡೆ ದುಡಿಯುತ್ತದೆ, ಅವರ ಮಸ್ಟ್ ಕೂಡ ಹಾಗೇ. ಶಾಲೆಯಲ್ಲಿ 'ಮಸ್ಟ್ ಅಂದರೆ ಕಡ್ಡಾಯ' ಅಂತ ಒಂದೇ ಅರ್ಥ ಬಾಯಿಪಾಠ ಮಾಡಿಸಿದ್ದರಿಂದ ನಮಗೆ ತೊಡಕಾಗಿದೆ ಅಂತ ನನ್ನ ಅಭಿಪ್ರಾಯ.

ಇಲ್ಲಿ ಕಿವಿಗೊಟ್ಟು ಕೇಳುವಾಗ ನನಗೆ ಹಿಡಿಸಿದ್ದು ಏನು ಗೊತ್ತಾ? ಮಸ್ಟ್, ಮೈಟ್, ಕಾಂಟ್ ಥರದ ಪದಗಳು ನಡೆದ ಸಂಗತಿಗಿಂತ ಜಾಸ್ತಿ, ಮಾತಾಡುವವರ ಕೈಯಲ್ಲಿ ಎಷ್ಟು ಪುರಾವೆ ಇದೆ ಅನ್ನೋದನ್ನು ಹೇಳುತ್ತವೆ. ಹೋದ ವಾರ ಆಫೀಸಿನಲ್ಲಿ ಒಂದು ಲೆಕ್ಕದ ಹಾಳೆ ತೆರೆದೆವು. ಬಿಡಿ ಮೊತ್ತಗಳಿಗಿಂತ ಒಟ್ಟು ಮೊತ್ತವೇ ಕಮ್ಮಿ! ಪಕ್ಕದವಳು ಕನ್ನಡಕ ಮೇಲೆತ್ತಿ 'ದಿಸ್ ಕಾಂಟ್ ಬಿ ರೈಟ್' ಅಂದಳು. ಇದು ಸರಿಯಿರೋಕೆ ಸಾಧ್ಯವೇ ಇಲ್ಲ ಅಂತ. ಇನ್ನೊಬ್ಬ 'ಸಮ್‌ಒನ್ ಮೈಟ್ ಹ್ಯಾವ್ ಡಿಲೀಟೆಡ್ ಎ ರೋ' ಅಂದ. ಯಾರಾದರೂ ಒಂದು ಸಾಲು ಅಳಿಸಿರಬಹುದು, ಅವನಿಗೂ ಖಾತ್ರಿ ಇಲ್ಲ. ಆಮೇಲೆ ಅವಳು ಮೇಲಿದ್ದ ತಾರೀಖು ನೋಡಿದಳು. 'ಇಟ್ ಮಸ್ಟ್ ಬಿ ಲಾಸ್ಟ್ ಮಂತ್ಸ್ ಫೈಲ್.' ಹೋದ ತಿಂಗಳದ್ದೇ ಇರಬೇಕು. ಫೈಲಿನ ಹೆಸರು ತೆಗೆದು ನೋಡಿದ ಮೇಲೆ ಮಸ್ಟ್ ಬಿದ್ದುಹೋಯಿತು. 'ಇಟ್ ಈಸ್ ಲಾಸ್ಟ್ ಮಂತ್ಸ್ ಫೈಲ್' ಅಂದಳು.

ಆ ಕೊನೆಯ ಮಾತು ನೋಡಿ. ಮಸ್ಟ್ ಅಂದರೆ ಗಟ್ಟಿ ಮಾತು ಅಂತ ನಾವು ತಿಳಿದಿರುತ್ತೇವೆ. ಆದರೆ ಕಣ್ಣಾರೆ ಕಂಡದ್ದಕ್ಕೆ ಯಾರೂ ಮಸ್ಟ್ ಹಾಕೋದಿಲ್ಲ. ಎದುರಿಗೆ ನಿಂತಿರುವವನನ್ನು ನೋಡಿ 'ಎದ್ದಿದ್ದಾನೆ' ಅಂತೀವಿ. ಕೋಣೆಯ ದೀಪ ಮಾತ್ರ ಕಂಡರೆ 'ಎದ್ದಿರಬೇಕು' ಅಂತೀವಿ. ಲೌರಿ ಕಾರ್ಟುನೆನ್ ಅನ್ನುವ ಭಾಷಾಶಾಸ್ತ್ರಜ್ಞರು 1972ರಲ್ಲೇ ಇದನ್ನು ಗಮನಿಸಿದ್ದರು: ಮಸ್ಟ್ ಹಾಕಿದ ವಾಕ್ಯ ಸಾದಾ ವಾಕ್ಯಕ್ಕಿಂತ ಸಡಿಲ ಅನಿಸುತ್ತದೆ ಅಂತ. 2010ರಲ್ಲಿ ಫಾನ್ ಫಿಂಟೆಲ್ ಮತ್ತು ಗಿಲ್ಲೀಸ್ ಅನ್ನುವ ಇಬ್ಬರು ವಿದ್ವಾಂಸರು ಅದನ್ನು ಒಪ್ಪಲಿಲ್ಲ. ಮಸ್ಟ್ ಸಡಿಲ ಅಲ್ಲ, ನೇರವಾಗಿ ಕಂಡಿಲ್ಲ, ತರ್ಕದಿಂದ ತಿಳಿದದ್ದು ಅಂತ ಅದು ಸೂಚಿಸುತ್ತದೆ ಅಷ್ಟೇ ಅಂದರು. ನನಗೆ ಇವರ ಮಾತೇ ಸರಿ ಅನಿಸುತ್ತದೆ. ಅಪ್ಪ, ನಿಮಗೆ ಇಂಥ ಜಗಳ ಇಷ್ಟ ಅಂತ ಬರೆದೆ.

ಪುಟ್ಟ, ಈಗ ನಿನಗೆ. ಪರೀಕ್ಷೆಯಲ್ಲಿ ಎಲ್ಲರೂ ಎಡವುವ ಜಾಗ 'ಇಲ್ಲ' ಅನ್ನುವಾಗ ಬರುತ್ತದೆ. 'ಇರಬೇಕು' ಅನ್ನೋದಕ್ಕೆ ಮಸ್ಟ್ ಆದರೆ, 'ಇರೋಕೆ ಸಾಧ್ಯವಿಲ್ಲ' ಅನ್ನೋದಕ್ಕೆ ಮಸ್ಟಂಟ್ ಅಲ್ಲ, ಕಾಂಟ್. ಮಸ್ಟಂಟ್ ಅಂದರೆ ಸಾಮಾನ್ಯವಾಗಿ 'ಕೂಡದು'. (ಅಮೆರಿಕದವರು ಬಿಡಿಸಿ 'ಹಿ ಮಸ್ಟ್ ನಾಟ್ ಬಿ ಹೋಮ್' ಅಂತ ಊಹೆಗೂ ಹೇಳುವುದುಂಟು. ಕೇಳಿದರೆ ಗಾಬರಿ ಬೀಳಬೇಡ.) ಕುಡ್ ಇನ್ನೂ ತಮಾಷೆ. 'ಇಟ್ ಕುಡ್ ಬಿ ಟ್ರೂ' ಅಂದರೆ ನಿಜ ಇದ್ದೀತು. 'ಇಟ್ ಕುಡಂಟ್ ಬಿ ಟ್ರೂ' ಅಂದರೆ ಸಾಧ್ಯವೇ ಇಲ್ಲ. ಆದರೆ 'ಇಟ್ ಮೈಟ್ ನಾಟ್ ಬಿ ಟ್ರೂ' ಅಂದರೆ ನಿಜ ಅಲ್ಲದೆಯೂ ಇರಬಹುದು, ಬಾಗಿಲು ಇನ್ನೂ ತೆರೆದೇ ಇದೆ. ಮೇ ಮತ್ತು ಮೈಟ್ ನಡುವೆ ಮೈಟ್ ಸ್ವಲ್ಪ ಮೆತ್ತಗೆ ಅಂತ ವ್ಯಾಕರಣ ಪುಸ್ತಕಗಳು ಹೇಳುತ್ತವೆ. ಮಾತಿನಲ್ಲಿ ಆ ವ್ಯತ್ಯಾಸ ಅಷ್ಟಾಗಿ ಉಳಿದಿಲ್ಲ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡ.

ಹಾಂ, 'ನಾಳೆ ಮಳೆ ಬರಬಹುದು' ಅನ್ನೋಕೆ 'ಇಟ್ ಕ್ಯಾನ್ ರೇನ್ ಟುಮಾರೋ' ಅಂತ ಬರೆಯಬೇಡ. ಕ್ಯಾನ್ ಇರೋದು ಸಾಮಾನ್ಯ ಸ್ವಭಾವ ಹೇಳೋಕೆ. ಒಂದು ನಿರ್ದಿಷ್ಟ ದಿನದ ಮಾತಾದರೆ ಮೇ, ಮೈಟ್, ಕುಡ್. 'ಇಟ್ ಮಸ್ಟ್ ರೇನ್ ಟುಮಾರೋ' ಅಂತೂ ಬೇಡವೇ ಬೇಡ. ನಾಳೆ ಖಂಡಿತ ಅನ್ನೋಕೆ ವಿಲ್ ಸಾಕು.

ನಡೆದುಹೋದದ್ದರ ಊಹೆಗೆ ಹ್ಯಾವ್ ಸೇರಿಸಬೇಕು. 'ಹೊರಟಿರಬೇಕು' ಅಂದರೆ 'ಮಸ್ಟ್ ಹ್ಯಾವ್ ಲೆಫ್ಟ್'. ಇದು ಸುಲಭ. ಕೇಳುವುದು ಮಾತ್ರ ಕಷ್ಟ. ಇಲ್ಲಿನವರ ಬಾಯಲ್ಲಿ ಅದು 'ಮಸ್ಟವ್ ಲೆಫ್ಟ್' ಆಗಿ ಹರಿದುಹೋಗುತ್ತದೆ. ಅದನ್ನೇ ನಂಬಿ ಇಂಗ್ಲಿಷಿನವರೇ ಕೆಲವರು 'ಮಸ್ಟ್ ಆಫ್' ಅಂತ ತಪ್ಪಾಗಿ ಬರೆಯುತ್ತಾರೆ. 'ಶಿ ಕುಡ್ ಹ್ಯಾವ್ ಕಾಲ್ಡ್' ಬಂದರೆ ದನಿ ಗಮನಿಸು. 'ಫೋನ್ ಮಾಡಿರಬಹುದು' ಅಂತಲೂ ಆಗುತ್ತದೆ, 'ಫೋನ್ ಮಾಡಬಹುದಿತ್ತು, ಮಾಡಲಿಲ್ಲ' ಅನ್ನುವ ದೂರೂ ಆಗುತ್ತದೆ. ಕನ್ನಡದಲ್ಲಿ ನಾವು ಇವೆರಡನ್ನೂ ಬೇರೆಬೇರೆಯಾಗಿ ಹೇಳುತ್ತೇವೆ. ಈ ವಿಷಯದಲ್ಲಿ ನಮ್ಮದೇ ಮೇಲು.

ನಂಬಿಕೆಯೇ ಬಾರದಾಗಲೂ ಇವೇ ಪದಗಳು ಬರುತ್ತವೆ. 1981ರ ವಿಂಬಲ್ಡನ್ ಮೊದಲ ಸುತ್ತಿನಲ್ಲಿ ಚೆಂಡು ಗೆರೆಯಾಚೆ ಬಿತ್ತು ಅಂತ ತೀರ್ಪು ಬಂದಾಗ ಟೆನಿಸ್ ಆಟಗಾರ ಜಾನ್ ಮೆಕೆನ್ರೋ ಅಂಪೈರ್ ಮೇಲೆ 'ಯೂ ಕೆನಾಟ್ ಬಿ ಸೀರಿಯಸ್' ಅಂತ ಕೂಗಾಡಿದರಲ್ಲ, ಅಪ್ಪ, ಅದೇ. ಕಾಂಟ್ ಅಂತ ಮೊಟಕು ಮಾಡದೆ ಬಿಡಿಸಿ ಹೇಳಿದ್ದರಿಂದ ಸಿಟ್ಟಿಗೆ ಇನ್ನಷ್ಟು ತೂಕ ಬಂತು. ಆ ವರ್ಷದ ಪ್ರಶಸ್ತಿಯೂ ಅವರದ್ದೇ ಆಯಿತು ಅನ್ನಿ. ಅದೇ ಅಪನಂಬಿಕೆಯನ್ನು 'ಯೂ ಮಸ್ಟ್ ಬಿ ಜೋಕಿಂಗ್' ಅಂತ ಮಸ್ಟ್ ಹಾಕಿಯೂ ಹೇಳಬಹುದು. ಇನ್ನು 'ವೈ ವುಡ್ ಹಿ ಡೂ ದಟ್?' ಅಂದರೆ 'ಅವನ್ಯಾಕೆ ಹಾಗೆ ಮಾಡ್ತಾನೆ, ಹಾಗೂ ಉಂಟೇ?' ಅನ್ನುವ ದನಿ. ಅಮ್ಮ ಸೀರಿಯಲ್ ನೋಡುವಾಗ ಕೇಳುವ ಪ್ರಶ್ನೆ ಇದೇ ಧಾಟಿಯದ್ದು.

ಶುಡ್ ಬಗ್ಗೆ ಒಂದೇ ಮಾತು. ಕೆಲಸ ಮಾಡಿಕೊಟ್ಟವರು 'ದಟ್ ಶುಡ್ ವರ್ಕ್' (ಇನ್ನು ಸರಿಹೋಗಬೇಕು) ಅಂದರೆ ಅವರಿಗೂ ಪೂರ್ತಿ ಧೈರ್ಯ ಇಲ್ಲ. ಅಲ್ಲೇ ಒಮ್ಮೆ ಪರೀಕ್ಷಿಸಿಯೇ ಕಳಿಸಬೇಕು.

ಪುಟ್ಟ, ಮೂರು ವಾಕ್ಯ ಕೊಡ್ತೀನಿ, ಇಂಗ್ಲಿಷಿಗೆ ತಿರುಗಿಸಿ ಕಳಿಸು: 'ಅವರು ಮಲಗಿರಲಿಕ್ಕಿಲ್ಲ', 'ಅವಳು ಪತ್ರ ಓದಿರಲೇಬೇಕು', 'ಅವನು ಗೆದ್ದಿರೋಕೆ ಸಾಧ್ಯವೇ ಇಲ್ಲ'. ಮೊದಲನೆಯದರಲ್ಲಿ ಮೈಟ್ ನಾಟ್ ಹಾಕಬೇಕೋ ಕಾಂಟ್ ಹಾಕಬೇಕೋ ಅಂತ ಅಪ್ಪನ ಜೊತೆ ವಾದ ಮಾಡಿಯೇ ಬರಿ. ಅಮ್ಮ, ನಿನಗೆ ಭಾನುವಾರ ಫೋನ್ ಮಾಡ್ತೀನಿ, ಆಗ ವ್ಯಾಕರಣ ಇಲ್ಲ.

ಪ್ರೀತಿಯಿಂದ,
ನಿಮ್ಮ ಮಗಳು